ಮೋಟಾರು ಸುಟ್ಟರೆ ಮೊದಲು ತಂತಿಯ ಲೆಕ್ಕ ನೋಡಿ



ಬೇಸಿಗೆಯಲ್ಲಿ ಅಡಿಕೆಗೆ ನೀರು ಬಿಡುವ ಹೊತ್ತಿಗೇ ಪಂಪಿನ ಮೋಟಾರು ಸುಡುವುದು ನಮ್ಮಲ್ಲಿ ಹಲವರ ಅನುಭವ. ನಮ್ಮ ತೋಟದ ಕೆರೆಯ ಬಳಿಯಿದ್ದ 2 ಎಚ್.ಪಿ. ಸಿಂಗಲ್ ಫೇಸ್ ಮೋಟಾರು ಒಂದೇ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತು. ಎರಡು ಸಲವೂ ವೈಂಡಿಂಗ್ ಮಾಡಿದವರನ್ನೇ ದೂರಿದೆವು. ತಪ್ಪು ಇದ್ದದ್ದು ನಾವೇ ಎಳೆಸಿದ ತಂತಿಯಲ್ಲಿ. ಅದನ್ನು ತೋರಿಸಿಕೊಟ್ಟದ್ದು ಶಾಲೆಯಲ್ಲಿ ಕಲಿತು ಮರೆತಿದ್ದ ಒಂದು ಭಾಗಾಕಾರ ಮತ್ತು ಒಂದು ಗುಣಾಕಾರ.

ಗುಡ್ಡದ ಮೇಲಿನ ಟ್ಯಾಂಕಿನಿಂದ ತೋಟಕ್ಕೆ ಪೈಪಿನಲ್ಲಿ ನೀರು ಬರುವುದನ್ನು ನೆನೆಯಿರಿ. ನೀರಿನ ಒತ್ತಡದಂತೆ ವೋಲ್ಟೇಜ್. ಹರಿಯುವ ನೀರಿನ ಪ್ರಮಾಣದಂತೆ ಕರೆಂಟ್, ಇದರ ಅಳತೆ ಆಂಪಿಯರ್. ಪೈಪು ಒಡ್ಡುವ ತಡೆಯಂತೆ ರೋಧ, ಇದರ ಅಳತೆ ಓಮ್. ಪೈಪು ಉದ್ದವಾದಷ್ಟೂ, ಸಣ್ಣದಾದಷ್ಟೂ ತಡೆ ಹೆಚ್ಚು. ತಂತಿಯೂ ಹಾಗೆಯೇ. ಜರ್ಮನಿಯ ಉಪಾಧ್ಯಾಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಿಂದ ಬಂದದ್ದು ಮೊದಲನೆಯ ಸೂತ್ರ:

ರೋಧ (ಓಮ್) = ವೋಲ್ಟ್ ÷ ಆಂಪಿಯರ್
ಶಕ್ತಿ (ವ್ಯಾಟ್) = ವೋಲ್ಟ್ × ಆಂಪಿಯರ್

ನೀರು ಕಾಯಿಸುವ ಕಾಯಿಲ್ 230 ವೋಲ್ಟಿನಲ್ಲಿ 5 ಆಂಪಿಯರ್ ಎಳೆದರೆ ಅದರ ರೋಧ 46 ಓಮ್, ಶಕ್ತಿ 1150 ವ್ಯಾಟ್. ವೋಲ್ಟೇಜ್ 184ಕ್ಕೆ ಇಳಿದರೆ ಕರೆಂಟ್ 4 ಆಂಪಿಯರ್, ಶಕ್ತಿ 736 ವ್ಯಾಟ್. ನೀರು ಕಾಯುವುದು ತಡವಾಗುತ್ತದೆ, ಅಷ್ಟೇ.

ಮೋಟಾರಿನ ಸ್ವಭಾವ ಬೇರೆ. ಎತ್ತಬೇಕಾದ ನೀರಿನ ಹೊರೆ ಕಡಿಮೆಯಾಗುವುದಿಲ್ಲ. ಆದ್ದರಿಂದ ವೋಲ್ಟೇಜ್ ಇಳಿದಾಗ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ವೈಂಡಿಂಗಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಷ್ಟು ಏರುತ್ತದೆ. 12 ಆಂಪಿಯರ್ 15 ಆದರೆ ಶಾಖ ಒಂದೂವರೆ ಪಟ್ಟಿಗೂ ಮೀರುತ್ತದೆ. ಸುಡುವುದು ಹೀಗೆ.

ಇನ್ನು ನಮ್ಮ ತಂತಿಯ ಲೆಕ್ಕ. ಮೀಟರಿನಿಂದ ಕೆರೆಗೆ 170 ಮೀಟರ್ ದೂರ. ಹೋಗಿ ಬರುವ ಎರಡು ತಂತಿ ಸೇರಿ 340 ಮೀಟರ್. ಹಾಕಿದ್ದು 2.5 ಚದರ ಮಿ.ಮೀ. ತಾಮ್ರದ ತಂತಿ. ಪಂಪು ಓಡುತ್ತಿರುವಾಗ ಮೀಟರಿನಲ್ಲಿ 230 ವೋಲ್ಟ್, ಮೋಟಾರಿನಲ್ಲಿ 200 ವೋಲ್ಟ್, ಕರೆಂಟ್ 12 ಆಂಪಿಯರ್. ದಾರಿಯಲ್ಲಿ ಕಳೆದದ್ದು 30 ವೋಲ್ಟ್. ತಂತಿಯ ರೋಧ 30 ÷ 12 = 2.5 ಓಮ್. ತಂತಿಯಲ್ಲೇ ಶಾಖವಾಗಿ ಹೋದದ್ದು 30 × 12 = 360 ವ್ಯಾಟ್; ಹತ್ತು ಗಂಟೆಗೆ 3.6 ಯೂನಿಟ್! ಪವರ್ ಫ್ಯಾಕ್ಟರ್ ಗಣಿಸಿದರೆ ಅಂಕಿ ತುಸು ಬದಲಾಗುತ್ತದೆ. ತೋಟದ ತೀರ್ಮಾನಕ್ಕೆ ಈ ಸ್ಥೂಲ ಲೆಕ್ಕ ಸಾಕು.

ಆಮೇಲೆ 16 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್ ಹಾಕಿಸಿದೆವು. ಅಷ್ಟೇ ಉದ್ದಕ್ಕೆ ಅದರ ರೋಧ ಸುಮಾರು 0.65 ಓಮ್. ಕರೆಂಟ್ 12 ಆಂಪಿಯರೇ ಎಂದಿಟ್ಟುಕೊಂಡರೂ ಇಳಿತ 8 ವೋಲ್ಟಿನೊಳಗೆ, ನಷ್ಟ ಸುಮಾರು 94 ವ್ಯಾಟ್.

ಸದಸ್ಯರು ಮಾಡಬೇಕಾದದ್ದು ಇಷ್ಟು: ಲೈಸೆನ್ಸ್ ಇರುವ ವೈರ್‌ಮನ್‌ರನ್ನು ಕರೆಸಿ, ಪಂಪು ಓಡುತ್ತಿರುವಾಗಲೇ ಎರಡೂ ತುದಿಯ ವೋಲ್ಟೇಜನ್ನೂ ಕರೆಂಟನ್ನೂ ಅಳೆಸಿ ಬರೆದಿಡಿ. ತಾವೇ ತಂತಿ ಮುಟ್ಟಲು ಹೋಗಬೇಡಿ. ನಡುವಿನ ಇಳಿತ ಹನ್ನೆರಡು ವೋಲ್ಟ್ ದಾಟಿದ್ದರೆ ದೋಷ ನಮ್ಮ ತಂತಿಯದು ಅಥವಾ ಸಡಿಲ ಜೋಡಣೆಯದು. ಮೀಟರಿನಲ್ಲೇ ವೋಲ್ಟೇಜ್ ಕಡಿಮೆಯಿದ್ದರೆ ದಪ್ಪ ಕೇಬಲಿಗೆ ಹಣ ಹಾಕಿ ಫಲವಿಲ್ಲ. ಬರೆದಿಟ್ಟ ಅಂಕಿಗಳೊಡನೆ ವಿದ್ಯುತ್ ಕಚೇರಿಗೆ ಅರ್ಜಿ ಕೊಡಿ.

— ಕಾರ್ಯದರ್ಶಿ