ಗೇಮ್ ತಡವಾದರೂ ಪೂರ್ತಿ ಬರಲಾ, ಬೇಗ ಬಂದು ಪ್ಯಾಚ್ ಆಗಲಾ?

ಹೋದ ವರ್ಷದ ಟೆಕ್ ಫೆಸ್ಟ್‌ಗೆ ನಾವು ಐದು ಜನ ಸೇರಿ ಒಂದು ಮೊಬೈಲ್ ಗೇಮ್ ಮಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೊನ್ನಾವರದ ಅಳಿವೆ ದಾಟಿ ದೋಣಿಯನ್ನು ಕಡಲಿಗೆ ಒಯ್ಯಬೇಕು, ಮರಳ ದಿಬ್ಬಕ್ಕೆ ತಾಗಿಸದೆ ಮೀನು ತುಂಬಿಕೊಂಡು ವಾಪಸ್ ಬರಬೇಕು. ಇಷ್ಟೇ ಆಟ. ಪೋಸ್ಟರ್‌ನಲ್ಲಿ ಹತ್ತು ಹಂತ ಅಂತ ಬರೆದಿದ್ದೆವು. ಫೆಸ್ಟ್‌ಗೆ ನಾಲ್ಕು ದಿನ ಇರುವಾಗ ಸರಿಯಾಗಿ ಓಡುತ್ತಿದ್ದದ್ದು ಆರು ಹಂತ ಮಾತ್ರ.

ಆ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಜಗಳ ಶುರುವಾಯಿತು. "ಮುಂದಕ್ಕೆ ಹಾಕುವ, ಅರ್ಧ ಬೆಂದದ್ದನ್ನು ಬಡಿಸಬಾರದು" ಅಂತ ಇಬ್ಬರು. "ಎಂತ ಮಾರಾಯ, ಈಗ ಬಿಡುವ. ತಪ್ಪು ಕಂಡರೆ ನಾಳೆ ಪ್ಯಾಚ್ ಹಾಕಿದ್ರಾಯ್ತು. ದೊಡ್ಡ ಕಂಪನಿಯವರೇ ಹಾಗೆ ಮಾಡ್ತಾರೆ" ಅಂತ ಮೂವರು. ಮೂವರು ಗೆದ್ದರು. ಆಮೇಲೆ ಏನಾಯಿತು ಅನ್ನೋದನ್ನು ಮುಂದೆ ಹೇಳುತ್ತೇವೆ. ಮೊದಲು ಆ ಜಗಳದ ಎರಡೂ ಕಡೆಯನ್ನು ಸ್ವಲ್ಪ ಸರಿಯಾಗಿ ನೋಡೋಣ. ಏಕೆಂದರೆ ಅವತ್ತು ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ.

ಪ್ಯಾಚ್ ಇಲ್ಲದ ಕಾಲ

ಒಂದು ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಗೇಮ್ ಕಾರ್ಟ್ರಿಡ್ಜ್ ಒಳಗೆ ಬರುತ್ತಿತ್ತು. ಅಂಗಡಿಯಿಂದ ಮನೆಗೆ ಹೋದ ಮೇಲೆ ಅದರ ಒಂದು ಅಕ್ಷರವನ್ನೂ ತಿದ್ದುವ ಹಾಗಿರಲಿಲ್ಲ. 1982ರಲ್ಲಿ ಅಟಾರಿ ಕಂಪನಿ ಕ್ರಿಸ್‌ಮಸ್ ಮಾರಾಟ ಹಿಡಿಯಬೇಕೆಂದು 'ಇ.ಟಿ.' ಗೇಮನ್ನು ಸುಮಾರು ಐದೇ ವಾರಗಳಲ್ಲಿ ಮಾಡಿಸಿತು. ಆಡುವವರ ಪಾತ್ರ ಪದೇ ಪದೇ ಗುಂಡಿಗೆ ಬೀಳುತ್ತಿತ್ತು, ಮೇಲೆ ಬರುವುದೇ ಸಾಹಸ. ಮಾರಾಟವಾಗದೆ ಉಳಿದ ಕಾರ್ಟ್ರಿಡ್ಜ್‌ಗಳಲ್ಲಿ ಒಂದಷ್ಟನ್ನು 1983ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದಾಗ ಅವು ಸಿಕ್ಕವು.

ಈಗ ಇಂಟರ್ನೆಟ್ ಇದೆ, ಮನೆಗೆ ಹೋದ ಗೇಮನ್ನೂ ತಿದ್ದಬಹುದು. ಇದು ನಿಜವಾಗಿಯೂ ಒಳ್ಳೆಯದೇ. ಆದರೆ 'ತಿದ್ದಬಹುದು' ಎಂಬ ಅನುಕೂಲ ನಿಧಾನವಾಗಿ 'ತಿದ್ದಿದರಾಯಿತು' ಎಂಬ ಅಭ್ಯಾಸವಾಯಿತು.

ಬೆಂಗಳೂರಿನ ಒಂದು ಉದಾಹರಣೆ

ನಮ್ಮ ರಾಜ್ಯದ್ದೇ ಒಂದು ಪ್ರಸಂಗ ನೋಡಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡು ದಿನ ಕಳೆಯುವುದರೊಳಗೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಕಂಪನಿಯ 'ಫೌಜಿ' ಗೇಮ್ ಬರುತ್ತಿದೆ ಎಂದು ನಟ ಅಕ್ಷಯ್ ಕುಮಾರ್ ಘೋಷಿಸಿದರು. ದೇಶದ ಅರ್ಧ ಹಾಸ್ಟೆಲ್‌ಗಳು ಕಾದವು ಅಂದರೆ ತಪ್ಪಾಗಲಿಕ್ಕಿಲ್ಲ. ನವೆಂಬರ್‌ನಲ್ಲಿ ಬರುತ್ತದೆ ಎಂದು ಟೀಸರ್ ಹೇಳಿತು. ಬಂದದ್ದು 2021ರ ಜನವರಿ 26ಕ್ಕೆ.

ಬಂದಾಗ ಅದರಲ್ಲಿ ಇದ್ದದ್ದು ಗಲ್ವಾನ್ ಕಣಿವೆಯ ಕಥೆಯ ಒಂದು ಭಾಗ. ಒಬ್ಬರೇ ಆಡಬೇಕು, ಕೈಕೈ ಮಿಲಾಯಿಸಿ ಹೊಡೆದಾಡಬೇಕು. ಗೆಳೆಯರೊಂದಿಗೆ ಸೇರಿ ಆಡುವ ವಿಧಾನಗಳು ಮೆನುವಿನಲ್ಲಿ ಕಾಣುತ್ತಿದ್ದವು, ಆದರೆ 'ಶೀಘ್ರದಲ್ಲೇ' ಎಂಬ ಬೀಗ. ಪಬ್‌ಜಿ ತರಹದ್ದನ್ನು ನಿರೀಕ್ಷಿಸಿದ್ದವರು ಸಿಟ್ಟಾದರು. ಪ್ಲೇ ಸ್ಟೋರ್ ರೇಟಿಂಗ್ ಕೆಲವೇ ದಿನಗಳಲ್ಲಿ ಮೂರರ ಆಸುಪಾಸಿಗೆ ಇಳಿಯಿತು. ತಂಡವಾಗಿ ಆಡುವ ವಿಧಾನದ ಬೀಟಾ ಬಂದದ್ದು ಅದೇ ವರ್ಷ ಜೂನ್‌ನಲ್ಲಿ. ಅದೇ ಜೂನ್‌ನಲ್ಲಿ ಪಬ್‌ಜಿಯ ಭಾರತೀಯ ರೂಪವಾದ ಬಿಜಿಎಂಐ ಕೂಡ ಜನರ ಕೈಗೆ ಸಿಗತೊಡಗಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ್ದು ಎರಡು. ಒಂದು, ಈ ಗೇಮ್ ತಡವೂ ಆಯಿತು, ಅಪೂರ್ಣವೂ ಆಗಿತ್ತು. ಅಂದರೆ 'ತಡ' ಮತ್ತು 'ಬೇಗ' ಎದುರಾಳಿಗಳು ಎಂದು ನಾವು ತಿಳಿದದ್ದೇ ಪೂರ್ತಿ ಸರಿಯಲ್ಲ, ಎರಡರ ತೊಂದರೆಯೂ ಒಟ್ಟಿಗೆ ಬರಬಹುದು. ಎರಡು, ಕೊರತೆ ತುಂಬುವ ಅಪ್‌ಡೇಟ್ ಬಂತು, ಆದರೆ ಐದು ತಿಂಗಳು ಕಾದು ಕೂರುವವರು ಎಷ್ಟು ಜನ? ಆ್ಯಪ್ ಉಳಿಸಿಕೊಂಡವರ ಫೋನಿಗೆ ಮಾತ್ರ ಅಪ್‌ಡೇಟ್ ಬರುತ್ತದೆ.

ಹಾಗಾದರೆ ತಡ ಮಾಡಿದರೆ ಸರಿಯಾಗುತ್ತದಾ?

'ಸೈಬರ್‌ಪಂಕ್ 2077' 2020ರ ಏಪ್ರಿಲ್ 16ಕ್ಕೆ ಬರಬೇಕಿತ್ತು. ಸೆಪ್ಟೆಂಬರ್‌ಗೆ ಹೋಯಿತು, ನವೆಂಬರ್‌ಗೆ ಹೋಯಿತು, ಕೊನೆಗೆ ಡಿಸೆಂಬರ್ 10ಕ್ಕೆ ಬಂತು. ಮೂರು ಸಲ ಮುಂದೂಡಿದ ಮೇಲೂ ಹಳೆಯ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಅದು ಆಡಲಾಗದಷ್ಟು ಕೆಟ್ಟಿತ್ತು. ಹತ್ತು ದಿನದೊಳಗೆ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದು, ಕೊಂಡವರಿಗೆ ಹಣ ವಾಪಸ್ ಕೊಡುತ್ತೇನೆ ಎಂದಿತು. ಮತ್ತೆ ಅಂಗಡಿಗೆ ಬಂದದ್ದು 2021ರ ಜೂನ್‌ಗೆ. ಜನ ಮೆಚ್ಚಿಕೊಂಡ 2.0 ಆವೃತ್ತಿ ಬಂದದ್ದು 2023ರ ಸೆಪ್ಟೆಂಬರ್‌ಗೆ. ಮುಂದೂಡಿದ ತಿಂಗಳುಗಳಲ್ಲಿ ಕೆಲಸಗಾರರು ವಿಶ್ರಾಂತಿ ಪಡೆದರು ಅಂತಲೂ ಅಲ್ಲ, ಕೊನೆಯ ವಾರಗಳಲ್ಲಿ ವಾರಕ್ಕೆ ಆರು ದಿನ ದುಡಿದರು.

ಇನ್ನೊಂದು ತುದಿಯಲ್ಲಿ 'ಡ್ಯೂಕ್ ನ್ಯೂಕೆಮ್ ಫಾರೆವರ್' ಇದೆ. 1997ರಲ್ಲಿ ಘೋಷಣೆ, 2011ರಲ್ಲಿ ಬಿಡುಗಡೆ. ಹದಿನಾಲ್ಕು ವರ್ಷ ಕಾದವರಿಗೆ ಸಿಕ್ಕಿದ್ದು ಹಳಸಿದ ಆಟ.

ಹಾಗಂತ ಮುಂದೂಡುವುದೇ ತಪ್ಪು ಅನ್ನುವಂತಿಲ್ಲ. ಬೆಂಗಳೂರಿನಲ್ಲೂ ದೊಡ್ಡ ಕಚೇರಿ ಇರುವ ರಾಕ್‌ಸ್ಟಾರ್ ತನ್ನ 'ಜಿಟಿಎ 6' ಅನ್ನು 2025ರಲ್ಲೇ ಎರಡು ಸಲ ಮುಂದೂಡಿತು. ಮೊದಲು 2026ರ ಮೇ 26ಕ್ಕೆ, ಆಮೇಲೆ ನವೆಂಬರ್ 19ಕ್ಕೆ. ಅಷ್ಟು ಹಣ, ಅಷ್ಟು ಜನ ಇರುವವರಿಗೆ ಕಾಯುವ ಶಕ್ತಿ ಇದೆ. ನಮ್ಮಂಥ ಐದು ಜನರ ತಂಡಕ್ಕೆ ಸೆಮಿಸ್ಟರ್ ಮುಗಿದರೆ ತಂಡವೇ ಇರುವುದಿಲ್ಲ. "ಇನ್ನೂ ನಾಲ್ಕು ಜನರನ್ನು ಸೇರಿಸಿಕೊಳ್ಳುವ" ಅನ್ನೋಣವೆಂದರೆ, ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿಟ್ಟಿದ್ದಾರೆ. ಹೊಸಬರಿಗೆ ಕೆಲಸ ಕಲಿಸಲು ಹಳಬರ ಸಮಯವೇ ಹೋಗುತ್ತದೆ.

ಕೊಂಕಣ ರೈಲ್ವೆ ಕಲಿಸುವ ಪಾಠ

ಬೇಗ ಬಿಟ್ಟು ಗೆದ್ದವರೂ ಇದ್ದಾರೆ. ಅವರು ಏನು ಮಾಡಿದರು ಎಂದು ತಿಳಿಯಲು ನಮ್ಮ ಭಟ್ಕಳ ಸ್ಟೇಷನ್‌ಗೆ ಹೋಗಿ ನಿಂತರೆ ಸಾಕು.

ಕೊಂಕಣ ರೈಲ್ವೆ ನಿಗಮ ಶುರುವಾದದ್ದು 1990ರಲ್ಲಿ. ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್. ಇಡೀ ದಾರಿ ಮುಗಿಯುವವರೆಗೆ ಅವರು ಕಾಯಲಿಲ್ಲ. ಮಂಗಳೂರಿನಿಂದ ಉಡುಪಿವರೆಗಿನ ತುಂಡು 1993ರ ಮಾರ್ಚ್‌ನಲ್ಲೇ ತೆರೆಯಿತು. ಉಳಿದ ತುಂಡುಗಳು ಒಂದೊಂದಾಗಿ ಸೇರಿದವು. ಗೋವಾದ ಪೆರ್ನೆಮ್ ಸುರಂಗದಲ್ಲಿ ಮೆದು ಮಣ್ಣು ಮತ್ತೆ ಮತ್ತೆ ಕುಸಿದು ಕೊನೆಯ ಭಾಗ ತಡವಾಯಿತು. ಪೂರ್ತಿ ಮಾರ್ಗದಲ್ಲಿ ರೈಲು ಓಡಿದ್ದು 1998ರ ಜನವರಿ 26ರಂದು.

ಇಲ್ಲಿ ಬೇಗ ಬಿಟ್ಟದ್ದೂ ಇದೆ, ತಡ ಮಾಡಿದ್ದೂ ಇದೆ. ಉಡುಪಿವರೆಗೆ ಹಳಿ ಸರಿಯಾಗಿದೆ, ಹಾಗಾಗಿ ಉಡುಪಿವರೆಗೆ ರೈಲು. ಸುರಂಗ ನಿಲ್ಲುತ್ತಿಲ್ಲ, ಹಾಗಾಗಿ ಅಲ್ಲಿ ರೈಲಿಲ್ಲ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಆ ಮಾರ್ಗದಲ್ಲೇ ಅತಿ ಉದ್ದದ್ದು. ಅದನ್ನು ಮುಕ್ಕಾಲು ಭಾಗ ಕಟ್ಟಿ "ಈಗ ಹತ್ತಿ, ಉಳಿದದ್ದಕ್ಕೆ ಮುಂದಿನ ತಿಂಗಳು ಪ್ಯಾಚ್ ಬರುತ್ತದೆ" ಅಂತ ಯಾರೂ ಹೇಳಲಿಲ್ಲ ತಾನೇ?

ಯಾವ ಕೆಲಸಕ್ಕೂ ದಿನಾಂಕ, ಗಾತ್ರ, ಗುಣಮಟ್ಟ ಎಂಬ ಮೂರು ಇರುತ್ತವೆ. ಮೂರನ್ನೂ ಬಿಗಿ ಹಿಡಿದರೆ ಯಾವುದೋ ಒಂದು ಮುರಿಯುತ್ತದೆ, ಸಾಮಾನ್ಯವಾಗಿ ಮುರಿಯುವುದು ಕಣ್ಣಿಗೆ ಕಾಣದ ಗುಣಮಟ್ಟ. ದಿನಾಂಕ ಬೇಕೇ ಬೇಕು ಎಂದರೆ ಗಾತ್ರ ಕಡಿಮೆ ಮಾಡಬೇಕು. ಲಾರಿಯನ್ ಸ್ಟುಡಿಯೋಸ್ ಮಾಡಿದ್ದು ಇದನ್ನೇ. 'ಬಾಲ್ಡರ್ಸ್ ಗೇಟ್ 3' 2020ರ ಅಕ್ಟೋಬರ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ ಬಂದಾಗ ಅದರಲ್ಲಿದ್ದದ್ದು ಕಥೆಯ ಮೊದಲ ಅಂಕ ಮಾತ್ರ. ಇದು ಮುಗಿದಿಲ್ಲ ಎಂದು ಮೊದಲೇ ಹೇಳಿದ್ದರು. ಆಡಿದವರ ಮಾತು ಕೇಳುತ್ತ ತಿದ್ದಿದರು. 2023ರ ಆಗಸ್ಟ್‌ನಲ್ಲಿ ಪೂರ್ತಿ ಗೇಮ್ ಬಂತು. 'ಹೇಡಿಸ್' ಕೂಡ ಹಾಗೆಯೇ 2018ರ ಡಿಸೆಂಬರ್‌ನಿಂದ 2020ರ ಸೆಪ್ಟೆಂಬರ್‌ವರೆಗೆ ಆಟಗಾರರ ಕಣ್ಣೆದುರೇ ಬೆಳೆಯಿತು.

ನಮ್ಮ ಪ್ಯಾಚ್ ಮಾಡಿದ ಅನಾಹುತ

ಈಗ ನಮ್ಮ ಕಥೆ. ಹತ್ತೂ ಹಂತ ಇರುವ ಗೇಮನ್ನು ಫೆಸ್ಟ್ ದಿನ ಹಂಚಿದೆವು. ಏಳನೇ ಹಂತದಲ್ಲಿ ದೋಣಿ ಮರಳ ದಿಬ್ಬದ ಒಳಗೇ ಇಳಿದು ಮಾಯವಾಗುತ್ತಿತ್ತು. ಜನ ನಕ್ಕರು, ನಾವೂ ನಕ್ಕೆವು. ರಾತ್ರಿ ಕೂತು ತಿದ್ದಿದೆವು. ತಿದ್ದುವಾಗ, ಹೇಗೂ ಪ್ಯಾಚ್ ಹೋಗುತ್ತಿದೆಯಲ್ಲ ಅಂತ, ದೋಣಿಗೆ ಬಣ್ಣ ಆರಿಸುವ ಸೌಲಭ್ಯವನ್ನೂ ಸೇರಿಸಿದೆವು. ಬೆಳಿಗ್ಗೆ ಹೊಸ ಫೈಲ್ ಕಳಿಸಿದೆವು.

ಸೇವ್ ಫೈಲ್‌ನಲ್ಲಿ ನಾವು ಮೂರು ಅಂಕಿಗಳನ್ನು ಬರೆಯುತ್ತಿದ್ದೆವು: ಹಂತ, ಅಂಕ, ಮೀನಿನ ಲೆಕ್ಕ. ಪ್ಯಾಚ್‌ನಲ್ಲಿ ಇವುಗಳ ಮುಂದೆ ಬಣ್ಣದ ಅಂಕಿ ಬಂದು ಕೂತಿತು. ಹೊಸ ಗೇಮ್ ಹಳೆಯ ಫೈಲನ್ನು ಓದುವಾಗ 'ಹಂತ 6' ಅನ್ನು ಆರನೇ ಬಣ್ಣ ಎಂದುಕೊಂಡಿತು, 'ಅಂಕ 2340' ಅನ್ನು ಹಂತ 2340 ಎಂದುಕೊಂಡಿತು. ಅಂಥ ಹಂತವೇ ಇಲ್ಲದ ಕಾರಣ ಮೊದಲಿನಿಂದ ಶುರು ಮಾಡಿ, ಹಳೆಯ ಫೈಲಿನ ಮೇಲೆಯೇ ಬರೆದುಬಿಟ್ಟಿತು. ಎಲ್ಲರ ಆಟವೂ ಹೋಯಿತು.

ಕುಮಟಾದಿಂದ ಬಂದಿದ್ದ ಒಬ್ಬ ಪಿಯು ಹುಡುಗ ಇಡೀ ದಿನ ನಮ್ಮ ಮೇಜಿನ ಹತ್ತಿರವೇ ಕೂತು ಆಡಿದ್ದ. ಮರುದಿನ ಅವನಿಂದ ಒಂದು ಮೆಸೇಜ್ ಬಂತು: "ಅಣ್ಣ, ನಂದು ಎಲ್ಲ ಹೋಯ್ತು. ಡಿಲೀಟ್ ಮಾಡಿದೆ." ಅದೇ ಸಂಜೆ ನಾವು ಆ ತಪ್ಪನ್ನೂ ಸರಿಪಡಿಸಿದೆವು. ಆದರೆ ಅವನ ಫೋನಿನಲ್ಲಿ ಗೇಮ್ ಇರಲಿಲ್ಲ, ಉಳಿದವರ ಫೋನಿನಲ್ಲಿ ಹಳೆಯ ಅಂಕಿಗಳೂ ಇರಲಿಲ್ಲ.

ನಾವು ಮರೆತಿದ್ದದ್ದು ಇದು: ಪ್ಯಾಚ್ ಕೂಡ ಒಂದು ಬಿಡುಗಡೆಯೇ. ಅದಕ್ಕೂ ಪರೀಕ್ಷೆ ಬೇಕು. ಜೊತೆಗೆ ಅದರ ಖರ್ಚು ಆಡುವವರ ಮೇಲೆ ಬೀಳುತ್ತದೆ. ಘಟ್ಟದ ಬುಡದ ಮನೆಯಲ್ಲಿ ಸಿಗ್ನಲ್ ಹುಡುಕಿಕೊಂಡು ಅಂಗಳದ ಮೂಲೆಗೆ ಹೋಗುವವರಿಗೆ ಒಂದು ಜಿಬಿ ಅಪ್‌ಡೇಟ್ ಅಂದರೆ ಅವತ್ತಿನ ಡೇಟಾವೇ ಖಾಲಿ.

ಬಿಡುವ ಮೊದಲು ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆ

1. ಈ ತಪ್ಪನ್ನು ಆಮೇಲೆ ತಿದ್ದಿದರೆ ನಷ್ಟ ತುಂಬುತ್ತದಾ? ಬಣ್ಣ ತಪ್ಪಿದ್ದರೆ, ಅಕ್ಷರ ತಪ್ಪಿದ್ದರೆ ನಾಳೆ ತಿದ್ದಬಹುದು. ಸೇವ್ ಅಳಿಸುವುದು, ಹಣ ಕಡಿತವಾಗುವುದು, ಖಾಸಗಿ ಮಾಹಿತಿ ಹೊರಹೋಗುವುದು ಇವಕ್ಕೆ ಪ್ಯಾಚ್ ಪರಿಹಾರವಲ್ಲ. ಇವುಗಳಲ್ಲಿ ಒಂದಿದ್ದರೂ ದಿನಾಂಕ ಮುಂದೂಡಬೇಕು. 2019ರ ಜುಲೈ 15ರಂದು ಚಂದ್ರಯಾನ-2ರ ಉಡಾವಣೆಯನ್ನು ಇಸ್ರೋ 56 ನಿಮಿಷ ಇರುವಾಗ ನಿಲ್ಲಿಸಿ, 22ಕ್ಕೆ ಹಾರಿಸಿತು. ಹಾರಿದ ರಾಕೆಟ್ಟನ್ನು ವಾಪಸ್ ಕರೆಯಲು ಆಗುವುದಿಲ್ಲವಲ್ಲ.

2. ಗಾತ್ರ ಕಡಿಮೆ ಮಾಡಿದರೆ ದಿನಾಂಕ ಹಿಡಿಯಬಹುದಾ? ಆರು ಹಂತ ಸರಿ ಇದ್ದರೆ ಆರು ಹಂತದ ಗೇಮ್ ಬಿಡಿ. ಪೋಸ್ಟರ್ ತಿದ್ದುವುದು ಕೋಡ್ ತಿದ್ದುವುದಕ್ಕಿಂತ ಸುಲಭ.

3. ಇದು ಪ್ರಯೋಗದ ಆವೃತ್ತಿ ಎಂದು ಆಡುವವರಿಗೆ ಮೊದಲೇ ಹೇಳಿದ್ದೇವಾ? ಹೇಳಿ ಕೊಟ್ಟರೆ ಅವರು ಪರೀಕ್ಷಕರು, ಹೇಳದೆ ಕೊಟ್ಟರೆ ಮೋಸ ಹೋದವರು. ಹಣ ತೆಗೆದುಕೊಂಡಿದ್ದರಂತೂ ಇದು ಇನ್ನೂ ಮುಖ್ಯ.

4. ಪ್ಯಾಚ್ ಕೆಟ್ಟರೆ ಏನು ಮಾಡುತ್ತೇವೆ? ಸೇವ್ ಫೈಲ್‌ನ ಮೊದಲಲ್ಲೇ ಆವೃತ್ತಿಯ ಸಂಖ್ಯೆ ಬರೆಯಿರಿ, ಹಳೆಯದನ್ನು ಹೊಸದಕ್ಕೆ ಬದಲಿಸುವ ಮೊದಲು ಒಂದು ಪ್ರತಿ ತೆಗೆದಿಡಿ. ಒಂದು ಪ್ಯಾಚ್‌ನಲ್ಲಿ ತಪ್ಪು ತಿದ್ದುವ ಕೆಲಸ ಮಾತ್ರ ಇರಲಿ, ಹೊಸ ಸೌಲಭ್ಯ ಬೇರೆ ಹೋಗಲಿ. ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟನ್ನು ಮೊದಲು ಶೇಕಡಾ ಇಷ್ಟು ಜನರಿಗೆ ಮಾತ್ರ ಅಂತ ಬಿಟ್ಟು, ಕೆಟ್ಟರೆ ಅಲ್ಲೇ ನಿಲ್ಲಿಸುವ ವ್ಯವಸ್ಥೆ ಇದೆ. ಆದರೆ ಈಗಾಗಲೇ ಪಡೆದವರಿಂದ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು, ಇನ್ನೊಂದು ಹೊಸ ಆವೃತ್ತಿಯನ್ನೇ ಕಳಿಸಬೇಕು.

ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿ ದಡದಲ್ಲಿರುವ ಆ ದಿನಗಳಲ್ಲೇ ಬಲೆ ಹೆಣೆಯುವುದು, ಎಂಜಿನ್ ಬಿಚ್ಚಿ ನೋಡುವುದು, ಬಣ್ಣ ಬಳಿಯುವುದು ನಡೆಯುತ್ತದೆ. ಆಗಸ್ಟ್‌ನಲ್ಲಿ ಇಳಿದ ಮೇಲೂ ಬಲೆ ಹರಿಯುತ್ತದೆ, ದೋಣಿಯಲ್ಲೇ ಕೂತು ಹೊಲಿಯುತ್ತಾರೆ. ಆದರೆ ತಳದಲ್ಲಿ ತೂತಿರುವ ದೋಣಿಯನ್ನು ಯಾರೂ ಇಳಿಸುವುದಿಲ್ಲ. ಯಾವುದು ಬಲೆ, ಯಾವುದು ತಳ ಅಂತ ಗೊತ್ತಿರಬೇಕು, ಅಷ್ಟೇ.

ಈ ಸಲ ನಮ್ಮ ತೀರ್ಮಾನ ಹೀಗಿದೆ. ಗೇಮಿನಲ್ಲಿ ಆರೇ ಹಂತ. ಹೆಸರಿನ ಪಕ್ಕದಲ್ಲೇ 'ಪ್ರಯೋಗ' ಅಂತ ಇರುತ್ತದೆ. ಪ್ಲೇ ಸ್ಟೋರ್‌ನಲ್ಲಿ ಹೊಸ ವೈಯಕ್ತಿಕ ಖಾತೆಯವರು ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಲೇಬೇಕು. ಮೊದಲು ಇದು ಕಿರಿಕಿರಿ ಅನ್ನಿಸಿತ್ತು, ಈಗ ಒಳ್ಳೆಯದೇ ಆಯಿತು ಅನ್ನಿಸುತ್ತಿದೆ. ನಿಮ್ಮಲ್ಲಿ ಹಳೆಯ, ನಿಧಾನದ, ಸ್ಕ್ರೀನ್ ಒಡೆದ ಫೋನ್ ಇದ್ದವರು ಮೊದಲು ಬನ್ನಿ, ನಮಗೆ ಬೇಕಾದವರು ನೀವೇ. ಹನ್ನೊಂದು ಜನ ಸಿಕ್ಕಿದ್ದಾರೆ. ಕುಮಟಾದ ಆ ಹುಡುಗನಿಗೂ ಮೆಸೇಜ್ ಹಾಕಿದ್ದೇವೆ. ನೋಡಿದ್ದಾನೆ, ಇನ್ನೂ ಉತ್ತರ ಬಂದಿಲ್ಲ.