ನಿಸ್ತಂತು ಸಂಪರ್ಕ ಕಡಿಯುವುದೇಕೆ? – ಒಂದು ಅಧ್ಯಯನ

ಶಿಕಾರಿಪುರ ಮತ್ತು ಸೊರಬದ ಸೀಮೆ ವಿದ್ಯೆಗೆ ಹೊಸದಲ್ಲ. ತಾಳಗುಂದವು ಅಗ್ರಹಾರವಾಗಿ ಹೆಸರಾಂತಿದ್ದಿತು. ಬಳ್ಳಿಗಾವಿಯ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನೂ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ ಕ್ರಿ.ಶ. 1162ರ ಶಾಸನವು ತಿಳಿಸುತ್ತದೆ. ಅಂದು ವಿದ್ಯಾರ್ಥಿಯು ವಿದ್ಯೆಯನ್ನರಸಿ ನಡೆದು ಬರಬೇಕಾಗಿದ್ದಿತು. ಇಂದು ವಿದ್ಯೆಯ ಒಂದು ಪಾಲಾದರೂ ಕಣ್ಣಿಗೆ ಕಾಣದ ಅಲೆಗಳನ್ನೇರಿ ಶಾಲೆಯ ಕೊಠಡಿಗೆ ಬರುತ್ತಿದೆ. ಆ ಅಲೆಯು ನಡುವೆ ಕಡಿದರೆ ಪಾಠವೂ ಅಲ್ಲಿಗೇ ನಿಲ್ಲುತ್ತದೆ.

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದಾಗ ಈ ಮಾತು ಎಲ್ಲರ ಅನುಭವಕ್ಕೂ ಬಂದಿತು. ಮಲೆನಾಡಿನ ಅನೇಕ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಬೇಕಾಯಿತು. ಶಾಲೆಗಳು ತೆರೆದ ಮೇಲೂ ಚಿಂತೆ ತಪ್ಪಲಿಲ್ಲ. ಮಕ್ಕಳ ವಿವರಗಳನ್ನು ಎಸ್.ಎ.ಟಿ.ಎಸ್. ತಂತ್ರಾಂಶಕ್ಕೆ ತುಂಬುವುದು, ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ನೋಂದಾಯಿಸುವುದು, ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸುವುದು ಎಲ್ಲವೂ ಲ್ಯಾಪ್‌ಟಾಪಿನ ಮೂಲಕವೇ ನಡೆಯಬೇಕು. ಕೊನೆಯ ದಿನದ ಕೊನೆಯ ಗಳಿಗೆಯಲ್ಲಿ ಸಂಪರ್ಕ ತಪ್ಪಿದರೆ ನಷ್ಟವಾಗುವುದು ಬಡ ವಿದ್ಯಾರ್ಥಿಗೆ. ಹೀಗೆ ಪದೇ ಪದೇ ಆದಾಗ ಯಂತ್ರವೇ ಕೆಟ್ಟಿತೆಂದು ತೀರ್ಮಾನಿಸಿ, ದಾನಿಗಳು ಕೊಟ್ಟ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದುಂಟು. ಆದರೆ ಎಷ್ಟೋ ವೇಳೆ ಯಂತ್ರವು ನಿರ್ದೋಷಿಯಾಗಿರುತ್ತದೆ. ಆದುದರಿಂದ ಕಾರಣವನ್ನು ಕ್ರಮವಾಗಿ ಶೋಧಿಸುವ ವಿಧಾನವನ್ನು ಅರಿಯುವುದು ಅಗತ್ಯ.

ಅಲೆಯ ಸ್ವರೂಪ

1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯನ್ನು ಈ ಸೀಮೆಯ ಹಿರಿಯರು ಮರೆತಿರಲಾರರು. ಬಹುಕಾಲ 675 ಕಿಲೋಹರ್ಟ್ಸ್ ಆವೃತ್ತಿಯಲ್ಲಿ ಕೇಳಿಬರುತ್ತಿದ್ದ ಆ ಪ್ರಸಾರದ ಒಂದೊಂದು ಅಲೆಯ ಉದ್ದವೂ ಸುಮಾರು 444 ಮೀಟರು. ಅಷ್ಟು ಉದ್ದದ ಅಲೆಗೆ ಮನೆಯ ಗೋಡೆಯಾಗಲಿ ಅಡಿಕೆ ತೋಟವಾಗಲಿ ಹೆಚ್ಚಿನ ಅಡ್ಡಿಯಲ್ಲ. ವೈಫೈ ಎನ್ನಿಸಿಕೊಳ್ಳುವ ನಿಸ್ತಂತು ಸಂಪರ್ಕವು ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ನಡೆಯುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರು, 5 ಗಿಗಾಹರ್ಟ್ಸ್ ಪಟ್ಟಿಯದು 5ರಿಂದ 6 ಸೆಂಟಿಮೀಟರು ಮಾತ್ರ. ಇಷ್ಟು ಗಿಡ್ಡನೆಯ ಅಲೆಯನ್ನು ಗೋಡೆಗಳು ಹೀರುತ್ತವೆ, ಲೋಹದ ಹಾಳೆಗಳು ಹಿಂದಕ್ಕೆ ತಳ್ಳುತ್ತವೆ.

ಇನ್ನೊಂದು ವ್ಯತ್ಯಾಸವೂ ಇದೆ. ರೇಡಿಯೋ ಕೇವಲ ಕೇಳುವ ಯಂತ್ರ. ಲ್ಯಾಪ್‌ಟಾಪು ಕೇಳುವುದರ ಜೊತೆಗೆ ಉತ್ತರವನ್ನೂ ಕಳುಹಿಸಬೇಕು. ಅದರ ಪ್ರೇಷಕವು ರೌಟರಿನದಕ್ಕಿಂತ ಬಹುಮಟ್ಟಿಗೆ ಬಲಹೀನವಾಗಿರುತ್ತದೆ. ರೌಟರಿನ ಮಾತು ಲ್ಯಾಪ್‌ಟಾಪಿಗೆ ಕೇಳಿಸಿ, ಲ್ಯಾಪ್‌ಟಾಪಿನ ಉತ್ತರ ರೌಟರಿಗೆ ಮುಟ್ಟದೆ ಹೋದರೂ ಸಂಪರ್ಕ ತಪ್ಪುತ್ತದೆ. ಪರದೆಯ ಮೇಲೆ ಗೆರೆಗಳು ತುಂಬಿದ್ದರೂ ಕೆಲಸ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಮೊದಲ ಪ್ರಶ್ನೆ: ಕಡಿದಿರುವುದು ಎಲ್ಲಿ?

ಲ್ಯಾಪ್‌ಟಾಪಿನಿಂದ ರೌಟರಿನವರೆಗಿನದು ಒಂದು ದಾರಿ. ರೌಟರಿನಿಂದ ಹೊರಲೋಕಕ್ಕೆ ಹೋಗುವುದು ಮತ್ತೊಂದು ದಾರಿ. ಇವೆರಡರಲ್ಲಿ ಯಾವುದು ಕಡಿದಿದೆಯೆಂದು ತಿಳಿಯದೆ ಚಿಕಿತ್ಸೆಗೆ ತೊಡಗುವುದು, ನಾಡಿ ನೋಡದೆ ಔಷಧ ಕೊಟ್ಟಂತೆ.

ಪರೀಕ್ಷೆ ಸುಲಭವಾದುದು. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪಿಂಗ್’ ಎಂಬ ಆದೇಶದೊಡನೆ ರೌಟರಿನ ವಿಳಾಸವನ್ನು ಬರೆಯಬೇಕು. ಅದು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿದ್ದು, ಹೆಚ್ಚಿನ ರೌಟರುಗಳ ಮೇಲಿನ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಕೊನೆಗೆ ಒಂದು ಅಡ್ಡಗೆರೆ ಮತ್ತು ಇಂಗ್ಲಿಷಿನ ‘ಟಿ’ ಅಕ್ಷರವನ್ನು ಸೇರಿಸಿದರೆ ಪರೀಕ್ಷೆ ನಿಲ್ಲದೆ ನಡೆಯುತ್ತಿರುತ್ತದೆ. ಮತ್ತೊಂದು ಕಿಟಕಿಯಲ್ಲಿ 8.8.8.8 ಎಂಬ ಹೊರಗಿನ ವಿಳಾಸಕ್ಕೆ ಹೀಗೆಯೇ ಮಾಡಬೇಕು. ಸಂಪರ್ಕ ತಪ್ಪಿದಾಗ ರೌಟರಿನ ಉತ್ತರ ಬರುತ್ತಿದ್ದು ಹೊರಗಿನ ಉತ್ತರ ಮಾತ್ರ ನಿಂತಿದ್ದರೆ ದೋಷವು ಹೊರಗಿನ ತಂತಿಯದು, ಲ್ಯಾಪ್‌ಟಾಪನ್ನು ದೂರುವಂತಿಲ್ಲ. ಫೈಬರ್ ಪೆಟ್ಟಿಗೆಯಲ್ಲಿ ಎಲ್.ಓ.ಎಸ್. ಎಂಬ ಕೆಂಪು ದೀಪ ಹೊತ್ತಿದ್ದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದಾಗ ಕಾಣುವ ಲಕ್ಷಣವಿದು. ಆಗ ಸೇವೆ ನೀಡುವವರಿಗೆ ದೂರು ಕೊಡುವುದೊಂದೇ ದಾರಿ. ಎರಡು ಕಿಟಕಿಗಳಲ್ಲಿಯೂ ಉತ್ತರ ನಿಂತರೆ ದೋಷವು ಕಟ್ಟಡದೊಳಗೇ ಇದೆ. ಮುಂದಿನ ಶೋಧ ಅಲ್ಲಿಂದ ಹೊರಡಬೇಕು.

ಸ್ಥಳದೋಷ

ಲ್ಯಾಪ್‌ಟಾಪನ್ನು ರೌಟರಿನ ಸಮೀಪಕ್ಕೆ ತಂದು ಅರ್ಧ ದಿನ ಕೆಲಸ ಮಾಡಿ ನೋಡಬೇಕು. ಅಲ್ಲಿ ಸಂಪರ್ಕ ತಪ್ಪದಿದ್ದರೆ ದೋಷ ಸ್ಥಳದ್ದು. ಜಂಬಿಟ್ಟಿಗೆಯ ದಪ್ಪ ಗೋಡೆ, ಕಾಂಕ್ರೀಟಿನ ತಾರಸಿ, ಕಬ್ಬಿಣದ ಬೀರು, ತಗಡಿನ ಬಾಗಿಲು ಎಲ್ಲವೂ ಅಲೆಯ ಬಲವನ್ನು ಕುಗ್ಗಿಸುತ್ತವೆ. ನೀರು ಈ ಅಲೆಗಳನ್ನು ಹೀರುವುದರಿಂದ, ಮಳೆಗಾಲದಲ್ಲಿ ನೆನೆದ ಗೋಡೆಯು ಬೇಸಗೆಯ ಒಣಗೋಡೆಗಿಂತ ಹೆಚ್ಚು ಅಡ್ಡಿಯಾಗುತ್ತದೆ.

ಅಲೆಯ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಮೈನಸ್ 50 ಉತ್ತಮ. ಮೈನಸ್ 70 ದುರ್ಬಲ. ಮೈನಸ್ 80ರ ಸುಮಾರಿಗೆ ಸಂಪರ್ಕ ನಿಲ್ಲುವುದು ಕಷ್ಟ. ಹತ್ತು ಅಂಕ ಇಳಿದರೆ ಬಲವು ಹತ್ತರಲ್ಲಿ ಒಂದು ಪಾಲಾಯಿತೆಂದು ಲೆಕ್ಕ. ರೌಟರನ್ನು ಮೂಲೆಯ ಬೀರುವಿನ ಹಿಂದಿನಿಂದ ತೆಗೆದು, ಕಟ್ಟಡದ ನಡುಭಾಗದಲ್ಲಿ ಆಳೆತ್ತರದಲ್ಲಿ ಇರಿಸುವುದು ಖರ್ಚಿಲ್ಲದ ಪರಿಹಾರ. ದೂರದ ಕೊಠಡಿಗಳಿಗೆ ತಂತಿ ಎಳೆದು ಎರಡನೆಯ ರೌಟರನ್ನು ಇಡುವುದು ಶಾಶ್ವತ ಪರಿಹಾರ.

ನೆರೆಹೊರೆಯ ಗದ್ದಲ

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಬಲದ ಉಪಕರಣಗಳನ್ನು ಪರವಾನಗಿಯಿಲ್ಲದೆ ಬಳಸಲು ಭಾರತ ಸರ್ಕಾರವು 2005ರ ನಿಯಮಗಳ ಮೂಲಕ ಅವಕಾಶ ಕೊಟ್ಟಿತು. ಎಲ್ಲರಿಗೂ ತೆರೆದ ದಾರಿಯಾದ್ದರಿಂದ ಅಲ್ಲಿ ದಟ್ಟಣೆಯೂ ಹೆಚ್ಚು. ಬ್ಲೂಟೂತ್ ಸಾಧನಗಳು ಅದೇ ಪಟ್ಟಿಯಲ್ಲಿ ಮಾತನಾಡುತ್ತವೆ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸಿನ ಆಸುಪಾಸಿನಲ್ಲೇ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಯು.ಎಸ್.ಬಿ. 3.0 ಹಾರ್ಡ್ ಡಿಸ್ಕ್ ಕೂಡ ಈ ಪಟ್ಟಿಯಲ್ಲಿ ಗದ್ದಲವೆಬ್ಬಿಸಬಲ್ಲದು. ಡಿಸ್ಕನ್ನು ತೆಗೆದೊಡನೆ ಸಂಪರ್ಕ ಸರಿಹೋದರೆ ಕಾರಣ ಅದೇ ಎಂದು ತಿಳಿಯಬಹುದು.

ಈ ಪಟ್ಟಿಯ ಚಾನೆಲುಗಳು ಒಂದರ ಮೇಲೊಂದು ಹರಡಿಕೊಂಡಿವೆ. ಪರಸ್ಪರ ತಾಗದೆ ನಡೆಯುವವು 1, 6 ಮತ್ತು 11 ಮಾತ್ರ. ರೌಟರಿನ ವ್ಯವಸ್ಥೆಯೊಳಗೆ ಹೋಗಿ, ಈ ಮೂರರಲ್ಲಿ ನೆರೆಯವರು ಕಡಿಮೆ ಬಳಸುವುದನ್ನು ಆರಿಸಬೇಕು. ಒಂದೇ ಕೊಠಡಿಯೊಳಗಿನ ಕೆಲಸಕ್ಕೆ 5 ಗಿಗಾಹರ್ಟ್ಸ್ ಲೇಸು. ಗೋಡೆ ದಾಟಬೇಕಾದಲ್ಲಿ 2.4 ಮೇಲು.

ಯಂತ್ರದೊಳಗಿನ ಕಾರಣಗಳು

ಮಿಕ್ಕ ಯಂತ್ರಗಳೆಲ್ಲ ಸರಿಯಾಗಿದ್ದು ಒಂದೇ ಲ್ಯಾಪ್‌ಟಾಪು ಪದೇ ಪದೇ ಸಂಪರ್ಕ ಕಳೆದುಕೊಂಡರೆ ಅದರೊಳಗೆ ನೋಡಬೇಕು. ಮೊದಲನೆಯದು ವಿದ್ಯುತ್ ಉಳಿತಾಯ. ಬ್ಯಾಟರಿಯನ್ನು ಉಳಿಸಲೆಂದು ಯಂತ್ರವು ತನ್ನ ವೈಫೈ ಭಾಗವನ್ನು ಆಗಾಗ ಮಲಗಿಸುತ್ತದೆ. ಕೆಲವೊಮ್ಮೆ ಅದು ಸಕಾಲದಲ್ಲಿ ಏಳುವುದಿಲ್ಲ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರಿನ ಗುಣವಿವರಗಳನ್ನು ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಸಾಧನವನ್ನು ಆರಿಸಲು ಒಪ್ಪಿಗೆ ನೀಡುವ ಗುರುತನ್ನು ತೆಗೆಯಬೇಕು. ಕೆಲವು ಹೊಸ ಯಂತ್ರಗಳಲ್ಲಿ ಈ ಪುಟ ಕಾಣಿಸದು. ಅಲ್ಲಿ ಬ್ಯಾಟರಿ ಉಳಿತಾಯದ ಏರ್ಪಾಡನ್ನೇ ನಿಲ್ಲಿಸಿ ನೋಡಬೇಕು.

ಎರಡನೆಯದು ಡ್ರೈವರ್, ಎಂದರೆ ವೈಫೈ ಭಾಗವನ್ನು ನಡೆಸುವ ತಂತ್ರಾಂಶ. ವಿಂಡೋಸನ್ನು ನವೀಕರಿಸಿದ ಮರುದಿನದಿಂದಲೇ ತೊಂದರೆ ಕಂಡಿದ್ದರೆ ಹಳೆಯ ಡ್ರೈವರಿಗೆ ಮರಳಬೇಕು. ಬಹುಕಾಲದಿಂದ ಬದಲಿಸಿಲ್ಲವಾದರೆ ತಯಾರಕರಿಂದ ಹೊಸದನ್ನು ಪಡೆದು ಹಾಕಬೇಕು. ಮೂರನೆಯದಾಗಿ, ಯಂತ್ರದಲ್ಲಿ ಉಳಿದಿರುವ ಸಂಪರ್ಕದ ಹೆಸರನ್ನು ಅಳಿಸಿ ಗುಪ್ತಪದವನ್ನು ಹೊಸದಾಗಿ ಕೊಟ್ಟರೂ ಗುಣ ಕಾಣುವುದುಂಟು.

ರೌಟರಿನ ಹೊರೆ

ಮನೆಬಳಕೆಗೆಂದು ಮಾಡಿದ ರೌಟರಿಗೆ ಶಾಲೆಯ ನಲವತ್ತು ಫೋನುಗಳನ್ನು ಕಟ್ಟಿದರೆ ಅದು ತತ್ತರಿಸುತ್ತದೆ. ಕಚೇರಿಯ ಗುಪ್ತಪದವನ್ನು ಎಲ್ಲರಿಗೂ ಹಂಚದೆ, ಅತಿಥಿಗಳಿಗೆ ಬೇರೆ ಸಂಪರ್ಕ ಕೊಡುವುದು ವಿವೇಕ. ವೋಲ್ಟೇಜು ಏರಿಳಿದಾಗ ರೌಟರು ತಾನಾಗಿಯೇ ಆರಿ ಹೊತ್ತುವುದರಿಂದ ಅದಕ್ಕೊಂದು ಚಿಕ್ಕ ಯು.ಪಿ.ಎಸ್. ಬೇಕು. ಗುಡುಗು ಸಿಡಿಲಿನ ಸಂಜೆಗಳಲ್ಲಿ ವಿದ್ಯುತ್ ತಂತಿಯನ್ನೂ ತಾಮ್ರದ ದೂರವಾಣಿ ತಂತಿಯನ್ನೂ ಮೊದಲೇ ಬಿಡಿಸಿಡುವುದು ಕ್ಷೇಮ.

ಒಂದು ನಿದರ್ಶನ

ಒಂದು ಶಾಲೆಯ ಕಚೇರಿಯನ್ನು ಕಲ್ಪಿಸಿಕೊಳ್ಳಬಹುದು. ಮುಖ್ಯೋಪಾಧ್ಯಾಯರ ಲ್ಯಾಪ್‌ಟಾಪು ದಿನಕ್ಕೆ ಐದಾರು ಬಾರಿ ಸಂಪರ್ಕ ಕಳೆದುಕೊಳ್ಳುತ್ತದೆ, ಗುಮಾಸ್ತರದು ಸರಿಯಾಗಿದೆ. ಆದುದರಿಂದ ದೋಷ ಹೊರತಂತಿಯದಲ್ಲ. ರೌಟರಿನ ಪಕ್ಕದಲ್ಲಿಟ್ಟರೂ ಸಂಪರ್ಕ ತಪ್ಪುತ್ತದೆ. ಆದುದರಿಂದ ಗೋಡೆಯ ದೋಷವಲ್ಲ. ಚಾರ್ಜರ್ ಸಿಕ್ಕಿಸಿದಾಗ ತಪ್ಪುವುದಿಲ್ಲ, ಬ್ಯಾಟರಿಯ ಮೇಲೆ ನಡೆಯುವಾಗ ಮಾತ್ರ ತಪ್ಪುತ್ತದೆ. ಆದುದರಿಂದ ವಿದ್ಯುತ್ ಉಳಿತಾಯದ ಏರ್ಪಾಡಿನ ಮೇಲೆ ಸಂಶಯ. ಅದೊಂದನ್ನು ಮಾತ್ರ ಬದಲಿಸಿ, ಮೂರು ದಿನ ಬ್ಯಾಟರಿಯ ಮೇಲೆಯೇ ನಡೆಸಿ ನೋಡಲಾಗುತ್ತದೆ. ಸಂಪರ್ಕ ತಪ್ಪುವುದಿಲ್ಲ. ಹೊಸ ಯಂತ್ರಕ್ಕೆ ಹೋಗಬೇಕಾಗಿದ್ದ ಹಣ ಮಕ್ಕಳ ಪುಸ್ತಕಕ್ಕೆ ಉಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ನಿಯಮಗಳು ಎರಡು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಸಂಪರ್ಕ ತಪ್ಪಿದ ದಿನ, ವೇಳೆ, ಸ್ಥಳ, ಆಗ ನಡೆಯುತ್ತಿದ್ದ ಕೆಲಸ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ವಾರ ಕಳೆಯುವುದರೊಳಗೆ ಆ ಪುಟವೇ ಎಷ್ಟೋ ವೇಳೆ ಕಾರಣವನ್ನು ತೋರಿಸಿಕೊಡುತ್ತದೆ. ಕಚೇರಿಯ ಈ ಪುಸ್ತಕವನ್ನು ಹತ್ತನೆಯ ತರಗತಿಯ ಮಕ್ಕಳ ಕೈಗೆ ಕೊಟ್ಟರೆ ಅದೇ ಒಂದು ವಿಜ್ಞಾನ ಪಾಠವಾಗುತ್ತದೆ. ಊಹಿಸುವುದು, ಪರೀಕ್ಷಿಸುವುದು, ತಪ್ಪಿದ ಊಹೆಯನ್ನು ಸಂಕೋಚವಿಲ್ಲದೆ ಬಿಡುವುದು ಎಂಬ ಶಿಸ್ತು ಅವರಿಗೆ ಇಲ್ಲಿಯೇ ದೊರೆಯುತ್ತದೆ. ಬೀರುಗಳಲ್ಲಿ ಬೀಗ ಬಿದ್ದಿರುವ ಲ್ಯಾಪ್‌ಟಾಪುಗಳನ್ನು ಹೊರತೆಗೆದು ಈ ಕ್ರಮದಲ್ಲಿ ಒಮ್ಮೆ ಪರೀಕ್ಷಿಸಿದರೆ, ಅವುಗಳಲ್ಲಿ ಕೆಲವಾದರೂ ಮಕ್ಕಳ ಮುಂದೆ ಮತ್ತೆ ತೆರೆದುಕೊಳ್ಳುವುದರಲ್ಲಿ ಸಂದೇಹವಿಲ್ಲ.