ಹಲ್ಲುಜ್ಜುವ ವಿದ್ಯುತ್ ಬ್ರಶ್: ಕೊಳ್ಳುವ ಮೊದಲು ಯೋಚಿಸೋಣ

ಕೃಷಿಕರಾದ ನಾವು ಯಾವ ಯಂತ್ರವನ್ನು ಕೊಳ್ಳುವುದಾದರೂ ನಾಲ್ಕು ಜನರನ್ನು ಕೇಳುತ್ತೇವೆ. ಪಂಪ್‌ಸೆಟ್ ಆಗಲಿ, ಹುಲ್ಲು ಕತ್ತರಿಸುವ ಯಂತ್ರವಾಗಲಿ, ಅದು ಎಷ್ಟು ಕೆಲಸ ಮಾಡೀತು, ಬಿಡಿಭಾಗ ಸಿಕ್ಕೀತೇ, ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂದು ವಿಚಾರಿಸಿಯೇ ಹಣ ಕೊಡುತ್ತೇವೆ. ಆದರೆ ದಿನಕ್ಕೆ ಎರಡು ಸಲ ಬಾಯಿಗೆ ಹಾಕುವ ಬ್ರಶ್ಶಿನ ವಿಷಯದಲ್ಲಿ ಈ ವಿಚಾರಣೆ ನಡೆಯುವುದು ಅಪರೂಪ. ಗಲ್ಫಿನಲ್ಲಿರುವ ಮಕ್ಕಳು ರಜೆಯಲ್ಲಿ ಬರುವಾಗ ವಿದ್ಯುತ್ ಬ್ರಶ್ ತರುತ್ತಾರೆ. ಮಂಗಳೂರು, ಕಾಸರಗೋಡಿನ ಅಂಗಡಿಗಳಲ್ಲಿಯೂ ಅದು ಸಿಗುತ್ತದೆ. 'ಹಲ್ಲು ಮುತ್ತಿನಂತೆ ಬೆಳ್ಳಗಾಗುತ್ತದೆ' ಎಂಬ ಜಾಹೀರಾತನ್ನು ನಂಬಿ ಕೊಂಡವರು ತಿಂಗಳು ಕಳೆದರೂ ಹಲ್ಲಿನ ಕೆಂಪು ಹೋಗಲಿಲ್ಲವೆಂದು ಬೇಸರಿಸುತ್ತಾರೆ. ಆದುದರಿಂದ ಈ ಸಲ ವಿದ್ಯುತ್ ಬ್ರಶ್ಶಿನಿಂದ ಏನಾಗುತ್ತದೆ, ಏನಾಗುವುದಿಲ್ಲ, ಆರಿಸುವುದು ಹೇಗೆ ಎಂಬುದನ್ನು ತಿಳಿದುಕೊಳ್ಳೋಣ.

ಹಲ್ಲಿನ ಬಣ್ಣ ಕೆಡುವುದೇಕೆ?

ಮೊದಲು ಕಲೆ ಯಾವುದೆಂದು ಗೊತ್ತಾಗಬೇಕು. ತೋಟದಲ್ಲಿ ರೋಗ ಯಾವುದೆಂದು ನೋಡದೆ ಮದ್ದು ಬಿಡುವವರು ನಮ್ಮಲ್ಲಿ ಯಾರೂ ಇಲ್ಲ ತಾನೆ? ಹಲ್ಲಿನ ಬಣ್ಣ ಕೆಡುವುದು ಮುಖ್ಯವಾಗಿ ಮೂರು ವಿಧದಲ್ಲಿ.

1. ಮೆತ್ತನೆಯ ಪದರ: ಆಹಾರದ ಅಂಶ ಮತ್ತು ಬಾಯಿಯ ರೋಗಾಣುಗಳು ಸೇರಿ ಹಲ್ಲಿನ ಮೇಲೆ ಲೋಳೆಯಂತೆ ಕಟ್ಟಿಕೊಳ್ಳುತ್ತವೆ. ಇದಕ್ಕೆ ಪ್ಲಾಕ್ ಎನ್ನುತ್ತಾರೆ. ಹಲ್ಲು ಹುಳುಕಾಗುವುದಕ್ಕೂ ವಸಡಿನಲ್ಲಿ ರಕ್ತ ಬರುವುದಕ್ಕೂ ಇದೇ ಮೂಲ. ಯಾವುದೇ ಬ್ರಶ್ಶಿನ ನಿಜವಾದ ಕೆಲಸ ಇದನ್ನು ತೆಗೆಯುವುದು.

2. ಗಟ್ಟಿಯಾದ ಕಿಟ್ಟ ಮತ್ತು ಹೊರಗಿನ ಕಲೆ: ತೆಗೆಯದೆ ಬಿಟ್ಟ ಪ್ಲಾಕ್ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಕಲ್ಲಿನಂತಾಗುತ್ತದೆ. ಅದರ ಮೇಲೆ ಅಡಿಕೆಯ ಚೊಗರು, ಚಹಾ, ಬೀಡಿಯ ಹೊಗೆ ಇವುಗಳ ಬಣ್ಣ ಹತ್ತುತ್ತದೆ. ವೀಳ್ಯ ಹಾಕುವವರ ಹಲ್ಲು ಕೆಂಪು ಕಪ್ಪಾಗುವುದು ಹೀಗೆ. ಕಿಟ್ಟ ಕಟ್ಟಿದ ಮೇಲೆ ಯಾವ ಬ್ರಶ್ಶಿನಿಂದಲೂ ಅದು ಹೋಗುವುದಿಲ್ಲ. ದಂತವೈದ್ಯರು ಉಪಕರಣದಿಂದ ಸ್ವಚ್ಛಗೊಳಿಸಬೇಕು. ಹೀಗೆ ಸ್ವಚ್ಛಗೊಳಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಹೆದರಿಕೆ ನಮ್ಮ ಹಿರಿಯರಲ್ಲಿದೆ. ವಾಸ್ತವವಾಗಿ ಕಿಟ್ಟವೇ ವಸಡನ್ನು ಕೆಡಿಸಿ ಹಲ್ಲನ್ನು ಸಡಿಲಗೊಳಿಸಿರುತ್ತದೆ. ಕಿಟ್ಟ ತೆಗೆದಾಗ ಅದು ಗೊತ್ತಾಗುತ್ತದೆ, ಅಷ್ಟೆ.

3. ಒಳಗಿನ ಬಣ್ಣ: ಪೆಟ್ಟು ಬಿದ್ದು ನರ ಸತ್ತ ಹಲ್ಲು ಕಪ್ಪಾಗುತ್ತದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಟೆಟ್ರಾಸೈಕ್ಲಿನ್ ಔಷಧ ತೆಗೆದುಕೊಂಡಿದ್ದರೆ ಹಲ್ಲಿನೊಳಗೇ ಬಣ್ಣ ಸೇರಿರುತ್ತದೆ. ಬಳ್ಳಾರಿ, ರಾಯಚೂರು, ಕೋಲಾರ ಮುಂತಾದ ಜಿಲ್ಲೆಗಳ ಕೆಲವು ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದರಿಂದ ಮಕ್ಕಳ ಹಲ್ಲಿನಲ್ಲಿ ಬಿಳಿ, ಕಂದು ಮಚ್ಚೆಗಳು ಕಾಣುತ್ತವೆ. ಇವುಗಳನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ಇನ್ನೊಂದು ವಿಷಯ ನೆನಪಿರಲಿ. ಆರೋಗ್ಯವಂತ ಹಲ್ಲು ಕಾಗದದಂತೆ ಬೆಳ್ಳಗಿರುವುದಿಲ್ಲ. ಹೊರಗಿನ ಎನಾಮಲ್ ಎಂಬ ಗಟ್ಟಿ ಕವಚದ ಒಳಗೆ ಇರುವ ಭಾಗದ ಬಣ್ಣವೇ ತಿಳಿ ಹಳದಿ. ವಯಸ್ಸಾದಂತೆ ಕವಚ ಸವೆದು ಹಳದಿ ಹೆಚ್ಚು ಕಾಣುತ್ತದೆ. ಉಮಿಕರಿ, ಇಟ್ಟಿಗೆ ಪುಡಿ, ಹುಡಿ ಉಪ್ಪು ಇವುಗಳಿಂದ ಬಲವಾಗಿ ತಿಕ್ಕಿದರೆ ಮೊದಲು ಬೆಳ್ಳಗೆ ಕಂಡರೂ ಕವಚ ಬೇಗ ಸವೆಯುತ್ತದೆ. ಬೆಳ್ಳಗಾಗಲೆಂದು ತಿಕ್ಕಿದ ಹಲ್ಲು ಕೊನೆಗೆ ಇನ್ನಷ್ಟು ಹಳದಿಯಾಗಿ, ತಣ್ಣೀರು ಕುಡಿದರೂ ಜುಮ್ಮೆನ್ನುತ್ತದೆ. ಈಗ ಪೇಟೆಯಲ್ಲಿ 'ಚಾರ್‌ಕೋಲ್' ಎಂದು ಬರೆದು ಮಾರುವ ಒರಟು ಹುಡಿಗಳೂ ಇದೇ ಜಾತಿಗೆ ಸೇರಿದವು.

ವಿದ್ಯುತ್ ಬ್ರಶ್ಶಿನಿಂದ ಪ್ರಯೋಜನವೆಷ್ಟು?

ವಿದ್ಯುತ್ ಬ್ರಶ್ ಹೊಸತೇನಲ್ಲ. 'ಬ್ರೊಕ್ಸೊಡೆಂಟ್' ಎಂಬ ಬ್ರಶ್ ಸ್ವಿಟ್ಜರ್‌ಲ್ಯಾಂಡಿನಲ್ಲಿ 1954ರಲ್ಲಿ ತಯಾರಾಯಿತು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2014ರಲ್ಲಿ ಇಂತಹ 56 ಪ್ರಯೋಗಗಳನ್ನು ನೋಡಿ ತನ್ನ ಅಭಿಪ್ರಾಯ ಹೇಳಿತು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಪಯೋಗಿಸಿದಾಗ ಕೈಬ್ರಶ್ಶಿಗಿಂತ ವಿದ್ಯುತ್ ಬ್ರಶ್ಶಿನಿಂದ ಪ್ಲಾಕ್ ಸುಮಾರು 21 ಶೇಕಡಾ, ವಸಡಿನ ಉರಿಯೂತ ಸುಮಾರು 11 ಶೇಕಡಾ ಕಡಿಮೆಯಾಗಿತ್ತು.

ಪ್ರಯೋಜನ ಇದೆ, ಆದರೆ ಪವಾಡವಲ್ಲ. ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಬಿಡುವುದನ್ನು ನೆನಪಿಸಿಕೊಳ್ಳಿರಿ. ಕೈಪಂಪಾದರೂ ಪವರ್ ಸ್ಪ್ರೇಯರ್ ಆದರೂ ಮದ್ದು ಗೊನೆಗೆ ಬೀಳಬೇಕು, ಮಳೆಗಾಲದ ಮೊದಲೇ ಬೀಳಬೇಕು, 40-45 ದಿನಗಳಲ್ಲಿ ಮತ್ತೊಮ್ಮೆ ಬೀಳಬೇಕು. ಯಂತ್ರ ಶ್ರಮ ಕಡಿಮೆ ಮಾಡುತ್ತದೆ, ಕ್ರಮವನ್ನು ನಾವೇ ಪಾಲಿಸಬೇಕು. ಮೆತ್ತನೆಯ ಎಳೆಗಳ ಸಾದಾ ಬ್ರಶ್ಶಿನಿಂದ ದಿನಕ್ಕೆರಡು ಸಲ ಎರಡೆರಡು ನಿಮಿಷ ಸರಿಯಾಗಿ ಉಜ್ಜುವವರಿಗೆ ವಿದ್ಯುತ್ ಬ್ರಶ್ ಅನಿವಾರ್ಯವೇನಲ್ಲ.

ಹಾಗಾದರೆ ಯಾರಿಗೆ ಅದು ಉಪಯುಕ್ತ?

- ಸಂಧಿವಾತದಿಂದ ಬೆರಳು ಮಡಚಲಾಗದ, ಕೈ ನಡುಗುವ ಹಿರಿಯರಿಗೆ. ಇದರ ದಪ್ಪ ಹಿಡಿ ಅವರಿಗೆ ಅನುಕೂಲ.
- ಪಕ್ಷವಾತವಾಗಿ ಒಂದೇ ಕೈ ಉಪಯೋಗಿಸುವವರಿಗೆ, ಹಾಸಿಗೆ ಹಿಡಿದವರ ಹಲ್ಲುಜ್ಜಿಸುವ ಮನೆಯವರಿಗೆ.
- ಅಂಗವೈಕಲ್ಯವಿರುವ ಮಕ್ಕಳಿಗೆ.
- ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಯುವಕ ಯುವತಿಯರಿಗೆ.
- ವಸಡಿನ ರೋಗವಿರುವ ಸಕ್ಕರೆ ಕಾಯಿಲೆಯವರಿಗೆ. ಸಕ್ಕರೆ ಹೆಚ್ಚಾದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಇವೆರಡೂ ಒಂದನ್ನೊಂದು ಎಳೆಯುತ್ತವೆ.
- ಬಲವಾಗಿ ತಿಕ್ಕುವ ಅಭ್ಯಾಸ ಬಿಡಲಾಗದವರಿಗೆ, ಒತ್ತಿದರೆ ಎಚ್ಚರಿಸುವ ವ್ಯವಸ್ಥೆ ಇರುವ ಬ್ರಶ್ ಆದರೆ ಮಾತ್ರ.

ಆರಿಸುವಾಗ ಏನು ನೋಡಬೇಕು?

1. ಬಗೆ: ಎರಡು ಮುಖ್ಯ ಬಗೆಗಳಿವೆ. ಒಂದರಲ್ಲಿ ಚಿಕ್ಕ ದುಂಡು ತಲೆ ಅತ್ತಿತ್ತ ಅರೆಸುತ್ತು ತಿರುಗುತ್ತದೆ. ಇನ್ನೊಂದರಲ್ಲಿ ಸಾದಾ ಬ್ರಶ್ಶಿನಂತಹ ಉದ್ದ ತಲೆ ವೇಗವಾಗಿ ಕಂಪಿಸುತ್ತದೆ, ಇದಕ್ಕೆ ಸೋನಿಕ್ ಎನ್ನುತ್ತಾರೆ. ಹೆಚ್ಚು ಪ್ರಯೋಗಗಳು ನಡೆದಿರುವುದು ತಿರುಗುವ ಬಗೆಯಲ್ಲಿ. ಎರಡೂ ಆಗಬಹುದು. ಬಾಯಿ ಚಿಕ್ಕದಿರುವವರಿಗೆ ದುಂಡು ತಲೆ ಸುಲಭ.

2. ಎಳೆಗಳು: 'ಸಾಫ್ಟ್' ಎಂದು ಬರೆದಿರುವುದನ್ನೇ ಕೊಳ್ಳಿರಿ. ಗಟ್ಟಿ ಎಳೆ ವಸಡನ್ನು ಹಿಂದೆ ಸರಿಸುತ್ತದೆ.

3. ಒತ್ತಡ ಮತ್ತು ಸಮಯ: ಹೆಚ್ಚು ಒತ್ತಿದಾಗ ದೀಪ ಉರಿಯುವ ಅಥವಾ ನಿಧಾನವಾಗುವ ವ್ಯವಸ್ಥೆ, ಎರಡು ನಿಮಿಷ ಆದಾಗ ತಿಳಿಸುವ ವ್ಯವಸ್ಥೆ, ಇವೆರಡಕ್ಕೆ ಹಣ ಕೊಡುವುದು ಸಾರ್ಥಕ. ಮೊಬೈಲಿಗೆ ಜೋಡಿಸುವ ಸೌಲಭ್ಯ, ಐದಾರು ಬಗೆಯ ವೇಗ, 'ವೈಟನಿಂಗ್' ಗುಂಡಿ ಇವುಗಳಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

4. ತಲೆಯ ಬೆಲೆ: ಇದನ್ನು ಅನೇಕರು ಕೇಳುವುದೇ ಇಲ್ಲ. ಮೂರು ತಿಂಗಳಿಗೊಮ್ಮೆ ತಲೆ ಬದಲಿಸಬೇಕು, ಎಂದರೆ ವರ್ಷಕ್ಕೆ ಒಬ್ಬರಿಗೆ ನಾಲ್ಕು. ಒಂದು ಕಂಪೆನಿಯ ತಲೆ ಇನ್ನೊಂದಕ್ಕೆ ಹೊಂದುವುದಿಲ್ಲ. ವಿದೇಶದಿಂದ ತಂದ ಬ್ರಶ್ಶಿಗೆ ಇಲ್ಲಿ ತಲೆ ಸಿಗದಿದ್ದರೆ ಅದು ಬಿಡಿಭಾಗ ಸಿಗದ ಪಂಪ್‌ಸೆಟ್‌ನಂತೆ ಮೂಲೆ ಸೇರುತ್ತದೆ. ಬ್ರಶ್ಶಿನ ಬೆಲೆಯ ಜತೆ ಎರಡು ವರ್ಷದ ತಲೆಗಳ ಬೆಲೆಯನ್ನೂ ಕೂಡಿಸಿ ನೋಡಿರಿ.

5. ವಿದ್ಯುತ್: ಚಾರ್ಜರಿನ ಮೇಲೆ '100–240' ವೋಲ್ಟ್ ಅಥವಾ '220–240' ವೋಲ್ಟ್ ಎಂದಿರಬೇಕು. ಅಮೇರಿಕದಿಂದ ತಂದುದರಲ್ಲಿ 110 ಅಥವಾ 120 ವೋಲ್ಟ್ ಮಾತ್ರ ಇದ್ದರೆ ನಮ್ಮ ಕರೆಂಟಿಗೆ ಹಾಕಬಾರದು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ, ಒಮ್ಮೆ ಚಾರ್ಜ್ ಮಾಡಿದರೆ ಎರಡು ವಾರ ಬರುವಂಥದ್ದು ಒಳ್ಳೆಯದು. ಬ್ಯಾಟರಿ ಸೆಲ್ ಹಾಕುವ ಬ್ರಶ್ ಅಗ್ಗ, ಆದರೆ ಸೆಲ್ ಇಳಿದಂತೆ ವೇಗವೂ ಇಳಿಯುತ್ತದೆ. ಗುಡುಗು ಮಿಂಚಿನ ಸಮಯದಲ್ಲಿ ಚಾರ್ಜರ್ ಕಳಚಿಡಿರಿ. ಒದ್ದೆ ಕೈಯಿಂದ ಮುಟ್ಟಬಾರದು.

6. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ತಮ್ಮ ವೈದ್ಯರನ್ನು ಕೇಳಿಯೇ ಕೊಳ್ಳಬೇಕು.

ಉಪಯೋಗಿಸುವ ಕ್ರಮ

ವಿದ್ಯುತ್ ಬ್ರಶ್ಶಿನಿಂದ ತಿಕ್ಕಬಾರದು, ಹಲ್ಲಿನ ಮೇಲೆ ಹಿಡಿದರೆ ಸಾಕು. ವಸಡು ಮತ್ತು ಹಲ್ಲು ಸೇರುವ ಗೆರೆಗೆ ಸ್ವಲ್ಪ ಓರೆಯಾಗಿ ಹಿಡಿದು, ಒಂದೊಂದು ಹಲ್ಲಿನಲ್ಲಿ ಎರಡು ಮೂರು ಸೆಕೆಂಡು ನಿಲ್ಲಿಸಿ ಮುಂದೆ ಸರಿಸಿರಿ. ಹೊರಬದಿ, ಒಳಬದಿ, ಅಗಿಯುವ ಬದಿ, ಹೀಗೆ ಮೂರೂ ಆಗಬೇಕು. ಬಾಯಿಯನ್ನು ನಾಲ್ಕು ಭಾಗ ಮಾಡಿ ಪ್ರತಿ ಭಾಗಕ್ಕೆ 30 ಸೆಕೆಂಡು ಕೊಡಿರಿ. ಫ್ಲೋರೈಡ್ ಇರುವ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು. ರಾತ್ರಿ ಊಟದ ನಂತರ ಉಜ್ಜಿ ಮಲಗುವುದು ಬೆಳಗ್ಗಿನದಕ್ಕಿಂತಲೂ ಮುಖ್ಯ. ಹಲ್ಲಿನ ಸಂದುಗಳನ್ನು ವಿದ್ಯುತ್ ಬ್ರಶ್ ಕೂಡ ಪೂರ್ತಿ ತಲಪುವುದಿಲ್ಲ. ಸಂದಿಗೆ ನೂಲು ಅಥವಾ ಸಂದಿನ ಚಿಕ್ಕ ಬ್ರಶ್ ಬೇಕು.

ಮನೆಯಲ್ಲಿ ಒಂದೇ ಹಿಡಿ ಇದ್ದರೂ ಪ್ರತಿಯೊಬ್ಬರಿಗೆ ಬೇರೆ ತಲೆ ಇರಲಿ. ನಮ್ಮ ಜೂನ್-ಜುಲೈ ತಿಂಗಳ ತೇವದಲ್ಲಿ ತಲೆಯ ಬುಡಕ್ಕೆ ಬೂಷ್ಟು ಹಿಡಿಯುತ್ತದೆ. ಉಪಯೋಗಿಸಿದ ಮೇಲೆ ತಲೆ ಕಳಚಿ ತೊಳೆದು, ಮುಚ್ಚಳ ಹಾಕದೆ ಗಾಳಿಯಲ್ಲಿ ನಿಲ್ಲಿಸಿಡಿರಿ. ತೆಗೆದಿಡುವ ಕಟ್ಟಿಸಿದ ಹಲ್ಲಿಗೆ ಇದನ್ನು ಉಪಯೋಗಿಸದೆ, ಪೇಸ್ಟೂ ಹಾಕದೆ, ಕೈಬ್ರಶ್ ಮತ್ತು ಸಾಬೂನಿನಿಂದ ತೊಳೆಯಿರಿ.

ಬಿಳುಪಿಗಿಂತ ಮುಖ್ಯವಾದ ಮಾತು

ಇಲ್ಲಿಯ ತನಕ ಬ್ರಶ್ಶಿನ ವಿಷಯವಾಯಿತು. ಆದರೆ ನಮ್ಮ ಊರಿನಲ್ಲಿ ಹಲ್ಲಿನ ಕಲೆಗೆ ದೊಡ್ಡ ಕಾರಣ ಅಡಿಕೆ. ಅಡಿಕೆ ನಮಗೆ ಅನ್ನ ಕೊಡುವ ಬೆಳೆ. ಅಂಗಳದಲ್ಲಿ ಒಣಗಿಸುವಾಗ, ಸುಲಿಯುವಾಗ, ಹೆಕ್ಕುವಾಗ ಒಂದು ಹೋಳು ಬಾಯಿಗೆ ಹೋಗುವುದು ಯಾರಿಗೂ ವಿಶೇಷವೆನಿಸುವುದಿಲ್ಲ. ಹೊಗೆಸೊಪ್ಪು ಸೇರಿದ ವೀಳ್ಯ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲೇ ಹೇಳಿತ್ತು. 2003ರಲ್ಲಿ ಸೇರಿದ ಅದರ ತಜ್ಞರ ಸಮಿತಿಯು ಹೊಗೆಸೊಪ್ಪಿಲ್ಲದ ವೀಳ್ಯವನ್ನೂ, ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಕೇರಳದಲ್ಲಿ 2012ರಲ್ಲಿ ಹೊಗೆಸೊಪ್ಪು ಸೇರಿದ ಗುಟ್ಕಾ, ಪಾನ್ ಮಸಾಲೆಗಳ ಮಾರಾಟ ನಿಷೇಧವಾಯಿತು. ಆದರೆ ನಮ್ಮ ಅಂಗಳದ ಅಡಿಕೆಗೂ ನಮ್ಮ ಬಾಯಿಗೂ ಮಧ್ಯೆ ಯಾವ ಕಾನೂನೂ ಇಲ್ಲ. ಅಲ್ಲಿ ನಮ್ಮ ವಿವೇಕವೇ ಕಾವಲು.

'ಹೊಗೆಸೊಪ್ಪು ಬಿಟ್ಟಿದ್ದೇನೆ, ಬರೀ ಅಡಿಕೆ ತಾನೆ' ಎಂಬ ಸಮಾಧಾನ ಸಾಲದು. ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಚರ್ಮ ಬಿಳಿಚಿಕೊಂಡು ಗಟ್ಟಿಯಾಗುತ್ತದೆ, ಖಾರ ತಾಗಿದರೆ ಉರಿಯುತ್ತದೆ, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಗಟ್ಟಿಯಾದದ್ದು ಮತ್ತೆ ಮೊದಲಿನಂತೆ ಮೆತ್ತಗಾಗುವುದಿಲ್ಲ. ಮಾತ್ರವಲ್ಲ, ಇದು ಮುಂದೆ ಕ್ಯಾನ್ಸರಿಗೆ ತಿರುಗಬಹುದು.

ಆದುದರಿಂದ ತಿಂಗಳಿಗೊಮ್ಮೆ, ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು ನೋಡಿರಿ:

- ತುಟಿ, ಕೆನ್ನೆಯ ಒಳಬದಿ, ನಾಲಗೆಯ ಅಂಚು ಮತ್ತು ಅಡಿಭಾಗದಲ್ಲಿ ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ?
- ಎರಡು ವಾರವಾದರೂ ಮಾಯದ ಹುಣ್ಣು, ನೋವಿಲ್ಲದ ಗಂಟು ಇದೆಯೇ?
- ನಿಮ್ಮ ಮೂರು ಬೆರಳುಗಳನ್ನು ಮೇಲಿಂದ ಕೆಳಗೆ ಜೋಡಿಸಿ ಬಾಯೊಳಗೆ ಇಡಲು ಸಾಧ್ಯವಾಗುತ್ತದೆಯೇ?

ಸಂಶಯವಿದ್ದರೆ ನೋವು ಬರುವ ತನಕ ಕಾಯಬೇಡಿರಿ. ಆರಂಭದಲ್ಲಿ ಇವುಗಳಿಗೆ ನೋವೇ ಇರುವುದಿಲ್ಲ. ಹತ್ತಿರದ ಸರಕಾರಿ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಬಹುದು. ಪೊಯಿನಾಚಿ, ದೇರಳಕಟ್ಟೆ, ಮಂಗಳೂರುಗಳಲ್ಲಿ ದಂತವೈದ್ಯಕೀಯ ಕಾಲೇಜುಗಳಿವೆ. ಕ್ಯಾನ್ಸರ್ ಚಿಕಿತ್ಸೆಗೆ ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಮೊದಲ ಹಂತದಲ್ಲಿ ಗೊತ್ತಾದ ಬಾಯಿಯ ಕ್ಯಾನ್ಸರ್ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಒಟ್ಟಿನಲ್ಲಿ, ಕ್ರಮ ಹೀಗಿರಲಿ. ಮೊದಲು ದಂತವೈದ್ಯರಿಗೆ ಬಾಯಿ ತೋರಿಸಿ ಕಿಟ್ಟ ತೆಗೆಸುವುದು. ನಂತರ ವೀಳ್ಯ, ಹೊಗೆಸೊಪ್ಪು, ಬೀಡಿ ಬಿಡುವುದು. ಆಮೇಲೆ ಮನೆಯಲ್ಲಿ ಯಾರಿಗೆ ಅಗತ್ಯವೋ ಅವರಿಗೆ ವಿದ್ಯುತ್ ಬ್ರಶ್ ಕೊಳ್ಳುವುದು, ಉಳಿದವರಿಗೆ ಮೆತ್ತನೆಯ ಕೈಬ್ರಶ್ ಸಾಕು. ವೀಳ್ಯ ಬಿಡದೆ ಬ್ರಶ್ ಮಾತ್ರ ಬದಲಿಸಿದರೆ, ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆಯೇ ಸರಿ. ಗಲ್ಫಿನಿಂದ ಬರುವ ಮಗ ಅಥವಾ ಮಗಳು 'ಏನು ತರಲಿ?' ಎಂದು ಕೇಳಿದರೆ, ಮನೆಯ ಅಜ್ಜಿಯ ಕೈಬೆರಳುಗಳನ್ನು ಒಮ್ಮೆ ನೋಡಿ ಉತ್ತರ ಹೇಳಿರಿ. ಬ್ರಶ್ ತರುವುದೇ ಆದರೆ ಜತೆಗೆ ಎಂಟು ತಲೆಗಳನ್ನೂ ತರಲು ಹೇಳಲು ಮರೆಯಬೇಡಿರಿ.